ತಂದದ್ದನ್ನು ಜೊತೆಗೇ ಕೂತು ತಿನ್ನುವ ಊರು

ನಮ್ಮ ಮಂಡ್ಯದ ಕಡೆ ನೆಂಟರ ಮನೆಗೆ ಹೋಗಿ ಸ್ವೀಟ್ ಡಬ್ಬಿ ಕೊಟ್ಟರೆ, ‘ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದ್ರಿ’ ಅನ್ನುತ್ತಾ ಒಳಗೆ ತೆಗೆದುಕೊಂಡು ಹೋಗುತ್ತಾರೆ. ತಂದವರು ಎದ್ದು ಹೊರಡುವ ತನಕ ಅದರ ಸುದ್ದಿಯಿಲ್ಲ. ರಷ್ಯಾದ ತೂಲಾಕ್ಕೆ ಬಂದ ಮೇಲೆ ಬೇರೆಯೇ ರೀತಿ ಕಂಡೆ. ಇಲ್ಲಿ ಅತಿಥಿ ತರುವ ತಿಂಡಿ ‘ಕ್ ಚಾಯು’, ಅಂದರೆ ಚಹಾದ ಜೊತೆಗೆಂದು ತಂದದ್ದು. ಕೋಟು, ಬೂಟು ಬಿಚ್ಚಿ ಒಳಗೆ ಬರುವಷ್ಟರಲ್ಲಿ ಅದನ್ನು ಕತ್ತರಿಸಿ ಮೇಜಿನ ಮೇಲಿಟ್ಟಿರುತ್ತಾರೆ. ತಂದವರೂ ತಿನ್ನುತ್ತಾರೆ.

ಹೊಸ್ತಿಲಿನ ಶಾಸ್ತ್ರ ಮಾತ್ರ ಎರಡೂ ಕಡೆ ಒಂದೇ. ಮೊದಲ ಸಲ ಬಾಗಿಲಲ್ಲಿ ನಿಂತೇ ಡಬ್ಬಿ ಚಾಚಿದಾಗ ಪಕ್ಕದ ಮನೆಯ ಅಜ್ಜಿ ಕೈ ಹಿಂದಕ್ಕೆಳೆದುಕೊಂಡು ನನ್ನನ್ನು ಒಳಗೆ ಕರೆದರು. ಹೊಸ್ತಿಲಿನ ಆಚೆ ಈಚೆ ನಿಂತು ಕೊಡಬಾರದು, ತೆಗೆದುಕೊಳ್ಳಬಾರದು ಎಂದು ನಮ್ಮಮ್ಮನೂ ಹೇಳುತ್ತಿದ್ದರು.

ತೂಲಾದವರು ಬೇರೆ ಊರಿಗೆ ಹೊರಟರೆ ಚೀಲದಲ್ಲಿ ಪ್ರಯಾನಿಕ್ ಎಂಬ ಸಿಹಿ ತಿಂಡಿ ಇದ್ದೇ ಇರುತ್ತದೆ. ಈ ಊರಿನ ಪ್ರಯಾನಿಕ್‌ನ ಹೆಸರು 1685ರ ದಾಖಲೆಯಲ್ಲೇ ಇದೆ. ಜೇನು, ಮಸಾಲೆ ಬೆರೆಸಿದ ಹಿಟ್ಟನ್ನು ಕೆತ್ತನೆಯ ಮರದ ಅಚ್ಚಿಗೆ ಒತ್ತಿ, ಒಳಗೆ ಹಣ್ಣಿನ ಜಾಮ್ ತುಂಬಿ ಬೇಯಿಸುತ್ತಾರೆ. ಆ ಹಲಗೆ ನೋಡಿದಾಗೆಲ್ಲ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಪಡಿಯಚ್ಚು ನನ್ನ ಕಣ್ಣಿಗೆ ಬರುತ್ತದೆ.

ನನ್ನ ಮನಸ್ಸನ್ನು ಹೆಚ್ಚು ಮುಟ್ಟಿದ್ದು ಈಸ್ಟರಿನ ಕುಲಿಚ್. ಉದ್ದನೆಯ ಡಬ್ಬಿಯಾಕಾರದ ಸಿಹಿ ಬ್ರೆಡ್ಡು ಅದು. ಬೆಣ್ಣೆ, ಒಣದ್ರಾಕ್ಷಿ, ಮೊಟ್ಟೆ ಧಾರಾಳ. ಎಷ್ಟೋ ಮನೆಗಳಲ್ಲಿ ಏಲಕ್ಕಿಯೂ ಉಂಟು. ಹಿಟ್ಟು ಉಬ್ಬುವಾಗ ಬಾಗಿಲು ದಡಾರೆನ್ನಬಾರದು, ಜೋರು ಮಾತಾಡಬಾರದು. ಶನಿವಾರ ಚರ್ಚಿಗೆ ಒಯ್ದು ತೀರ್ಥ ಚಿಮುಕಿಸಿಕೊಂಡು ಬಂದು, ಭಾನುವಾರ ನೆರೆಯವರಿಗೆ ಹಂಚುತ್ತಾರೆ. ಅವರು ಮಾಡಿದ್ದು ಇವರ ಮನೆಗೆ ಬರುತ್ತದೆ. ಸೋವಿಯತ್ ಕಾಲದಲ್ಲಿ ಇಂಥದ್ದನ್ನೇ ಅಂಗಡಿಗಳಲ್ಲಿ ‘ವಸಂತದ ಕೇಕ್’ ಎಂಬ ಹೆಸರಿನಲ್ಲಿ ಮಾರುತ್ತಿದ್ದರಂತೆ. ಈಸ್ಟರಿಗೆ ಹಿಂದಿನ ಏಳು ವಾರ ಉಪವಾಸದ ಕಾಲ. ಕಟ್ಟುನಿಟ್ಟಾಗಿ ನಡೆಸುವವರು ಹಾಲು, ಬೆಣ್ಣೆ, ಮೊಟ್ಟೆ ಮುಟ್ಟುವುದಿಲ್ಲ. ಹಾಗಾಗಿ ಕುಲಿಚ್ ಮಾಡುವ ಅಜ್ಜಿ ಅದರ ಹಿಟ್ಟಿನ ರುಚಿಯನ್ನೂ ನೋಡುವಂತಿಲ್ಲ. ನೈವೇದ್ಯಕ್ಕೆ ಮಾಡಿದ್ದನ್ನು ನಾಲಿಗೆಗೆ ತಾಗಿಸದ ನನ್ನ ಅಜ್ಜಿಗೆ ಇವರು ಸರಿಜೋಡಿ.

ಆದರೆ ನಾನು ಮೊಟ್ಟೆ ತಿನ್ನುವವನಲ್ಲ. ಕುಲಿಚ್ ಬೇಡವೆಂದಾಗ ಪಕ್ಕದ ಮನೆಯ ಅಜ್ಜಿಯ ಮುಖ ಸಣ್ಣದಾಯಿತು. ಹರಕು ಮುರುಕು ರಷ್ಯನ್ನಿನಲ್ಲಿ ವಿವರಿಸಿದೆ. ‘ಓ, ಪೋಸ್ತ್’ ಎಂದು ತಲೆದೂಗಿದರು. ಪೋಸ್ತ್ ಅಂದರೆ ಉಪವಾಸ. ವರ್ಷವಿಡೀ ಉಪವಾಸ ಮಾಡುವವನೆಂದು ನನ್ನನ್ನು ಲೆಕ್ಕ ಹಾಕಿರಬೇಕು.

ಇಲ್ಲಿನ ರೀತಿ ಕಂಡ ಮೇಲೆ ನನಗೆ ಅನ್ನಿಸುತ್ತಿದೆ, ತಂದದ್ದನ್ನು ಒಳಗಿಡುವ ನಮ್ಮ ರೀತಿಯನ್ನು ಸ್ವಲ್ಪ ಬದಲಿಸಿಕೊಳ್ಳಬೇಕು. ಆಸೆಬುರುಕತನ ಕಾಣಬಾರದು, ತಂದವರ ಕೈಯಳತೆ ಎಲ್ಲರೆದುರು ಬಯಲಾಗಬಾರದು ಎಂಬ ಸಂಕೋಚದಿಂದ ನಮ್ಮ ಹಿರಿಯರು ಹಾಗೆ ಮಾಡಿದರೇನೋ. ಆ ಸೂಕ್ಷ್ಮದ ಮೇಲೆ ನನಗೆ ಗೌರವವಿದೆ. ಆದರೆ ದೀಪಾವಳಿಯ ಸ್ವೀಟ್ ಡಬ್ಬಿ ಬಿಚ್ಚದೆಯೇ ಮೂರನೇ ಮನೆಗೆ ದಾಟಿಹೋಗುವುದನ್ನು ಕಂಡರೆ ನೋವಾಗುತ್ತದೆ. ಮನೆಯಲ್ಲೇ ಮಾಡಿದ ಕೋಡುಬಳೆ ಒಯ್ಯೋಣ, ಕಾಫಿಯ ಜೊತೆ ಆಗಲೇ ತಟ್ಟೆಗೆ ಹಾಕಲಿ, ಒಟ್ಟಿಗೆ ತಿನ್ನೋಣ.

ಜನವರಿ 14 ಇಲ್ಲಿನವರಿಗೆ ಹಳೆಯ ಪಂಚಾಂಗದ ಹೊಸ ವರ್ಷ. ನಮಗೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಸಂಕ್ರಾಂತಿ. ಕಳೆದ ಸಲ ಅಜ್ಜಿಯ ಮನೆಗೆ ಎಳ್ಳು ಬೆಲ್ಲ ಒಯ್ದೆ, ಹೊಸ್ತಿಲು ದಾಟಿ ಒಳಗೆ ಹೋಗಿಯೇ ಕೊಟ್ಟೆ. ಗಾಜಿನ ಬಟ್ಟಲಿಗೆ ಸುರಿದು ಚಹಾದ ಪಕ್ಕದಲ್ಲಿಟ್ಟರು, ಒಣಕೊಬ್ಬರಿ ಚೂರನ್ನು ಮೊದಲು ಆರಿಸಿಕೊಂಡು ತಿಂದರು. ಮರುದಿನ ನನ್ನ ಸ್ಟೀಲ್ ಡಬ್ಬಿ ವಾಪಸ್ ಬಂತು. ಒಳಗೆ ಎಲೆಕೋಸು ತುಂಬಿದ ಪಿರೊಷ್ಕಿ ಎಂಬ ಪುಟ್ಟ ಬನ್ನುಗಳು, ಇನ್ನೂ ಬಿಸಿ. ಕ್ರಿಸ್ಮಸ್ಸೂ ಇಲ್ಲಿ ಹಳೆಯ ಪಂಚಾಂಗದ್ದೇ; ಅದರ ಉಪವಾಸ ಮುಗಿದು ವಾರವಾಗಿತ್ತು, ಅವರು ಮೊಟ್ಟೆ ಬೆಣ್ಣೆ ಹಾಕಬಹುದಿತ್ತು. ಬೆರಳು ತೋರಿಸಿ ಹೇಳಿದರು: ಮೊಟ್ಟೆ ಹಾಕಿಲ್ಲ.