ಕುಲಾಂತರಿ ಮೀನನ್ನು ಜನ ಬೇಡ ಅಂದದ್ದು ಅಜ್ಞಾನದಿಂದಲ್ಲ

ಕುಲಾಂತರಿ ಮೀನಿನ, ಅಂದರೆ ಬೇರೆ ಜೀವಿಯ ಜೀನ್ ಸೇರಿಸಿದ ಮೀನಿನ ಮಾತು ಬಂದಾಗಲೆಲ್ಲ ವಿಜ್ಞಾನ ಓದಿಕೊಂಡ ಗೆಳೆಯರದ್ದು ಒಂದೇ ವಾದ. ಜನಕ್ಕೆ ವಿಷಯ ಗೊತ್ತಿಲ್ಲ, ಅದಕ್ಕೇ ಹೆದರುತ್ತಾರೆ, ಬಿಡಿಸಿ ಹೇಳಿದರೆ ಒಪ್ಪಿಕೊಳ್ಳುತ್ತಾರೆ ಅಂತ. ನಾನಿದನ್ನು ಒಪ್ಪುವುದಿಲ್ಲ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈ ಜಗಳದ ಕೇಂದ್ರದಲ್ಲಿದ್ದದ್ದು ಆಕ್ವಾಅಡ್ವಾಂಟೇಜ್ ಅನ್ನುವ ಸಾಲ್ಮನ್. 1989ರಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ತಳಿ. ಅಟ್ಲಾಂಟಿಕ್ ಸಾಲ್ಮನ್ನಿನ ಮೊಟ್ಟೆಗೆ ಚಿನೂಕ್ ಸಾಲ್ಮನ್ನಿನ ಬೆಳವಣಿಗೆ ಹಾರ್ಮೋನಿನ ಜೀನ್ ಸೇರಿಸಿದರು. ಅದರ ಜೊತೆಗೆ ಓಷನ್ ಪೌಟ್ ಎಂಬ ಇನ್ನೊಂದು ಮೀನಿನ ಡಿಎನ್ಎ ತುಣುಕನ್ನೂ ಇಟ್ಟರು. ಹೆಪ್ಪುಗಟ್ಟುವ ನೀರಿನಲ್ಲೂ ಬದುಕುವ ಮೀನು ಅದು. ಆ ತುಣುಕು ಸ್ವಿಚ್ಚಿನ ಹಾಗೆ ಕೆಲಸ ಮಾಡುತ್ತದೆ. ಮಾಮೂಲಿ ಸಾಲ್ಮನ್ ಚಳಿಗಾಲದಲ್ಲಿ ಬೆಳೆಯುವುದನ್ನು ಹೆಚ್ಚುಕಮ್ಮಿ ನಿಲ್ಲಿಸುತ್ತದೆ, ಇದು ವರ್ಷವಿಡೀ ಬೆಳೆಯುತ್ತದೆ. ಮೂರು ವರ್ಷಕ್ಕೆ ಮಾರಾಟಕ್ಕೆ ಬರಬೇಕಾದದ್ದು 16ರಿಂದ 18 ತಿಂಗಳಲ್ಲೇ ಬರುತ್ತದೆ.

ಅಮೆರಿಕದಲ್ಲಿ ಆಹಾರ, ಔಷಧಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2015ರ ನವೆಂಬರಿನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ತಿನ್ನುವುದಕ್ಕೆ ಬೇರೆ ಅಟ್ಲಾಂಟಿಕ್ ಸಾಲ್ಮನ್ನಿನಷ್ಟೇ ಸುರಕ್ಷಿತ ಅಂದಿತು. ಅದರಲ್ಲಿ ನನಗೆ ತಕರಾರಿಲ್ಲ. ತಕರಾರಿರುವುದು ಅದೇ ಉಸಿರಿನಲ್ಲಿ ಹೇಳಿದ ಇನ್ನೊಂದು ಮಾತಿನ ಬಗ್ಗೆ: ಇದು ಕುಲಾಂತರಿ ಅಂತ ಲೇಬಲ್ ಮೇಲೆ ಬರೆಯಲೇಬೇಕೆಂದಿಲ್ಲ!

2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ನಡೆಸಿದ ಸಮೀಕ್ಷೆಯಲ್ಲಿ ಅಮೆರಿಕನ್ನರಲ್ಲಿ ಮುಕ್ಕಾಲು ಪಾಲು ಜನ ಕುಲಾಂತರಿ ಮೀನು ತಿನ್ನುವುದಿಲ್ಲ ಅಂದಿದ್ದರು. ಎಲ್ಲರೂ ಎತ್ತಿ ಹೇಳುವುದು ಈ ಅಂಕಿಯನ್ನೇ. ಅದೇ ಸಮೀಕ್ಷೆಯಲ್ಲಿ ಶೇ 93ರಷ್ಟು ಜನ ಕುಲಾಂತರಿ ಆಹಾರಕ್ಕೆ ಲೇಬಲ್ ಬೇಕು ಅಂದಿದ್ದರು. ಅಂದರೆ ತಿನ್ನಲು ತಯಾರಿದ್ದವರಲ್ಲೂ ಬಹಳಷ್ಟು ಮಂದಿ ಲೇಬಲ್ ಕೇಳಿದ್ದಾರೆ. ಇದು ಹೆದರಿಕೆಯ ಮಾತೇ? ನನ್ನ ತಟ್ಟೆಗೆ ಏನು ಬಡಿಸುತ್ತಿದ್ದೀರಿ ಹೇಳಿ ಅನ್ನುವುದು ಕನಿಷ್ಠ ಮರ್ಯಾದೆಯ ಬೇಡಿಕೆ.

2017ರಲ್ಲಿ ಕೆನಡಾದಲ್ಲಿ ಏನಾಯಿತು ನೋಡಿ. ಸುಮಾರು ನಾಲ್ಕೂವರೆ ಟನ್ ಕುಲಾಂತರಿ ಸಾಲ್ಮನ್ ಮಾರಾಟವಾಗಿದೆ ಅಂತ ಅದನ್ನು ಬೆಳೆಸುತ್ತಿದ್ದ ಕಂಪನಿ ಪ್ರಕಟಿಸಿತು. ಲೇಬಲ್ ಕಡ್ಡಾಯವಿಲ್ಲದ ದೇಶ. ಯಾರ ಮನೆಗೆ ಹೋಯಿತು, ಯಾವ ಹೋಟೆಲಿನಲ್ಲಿ ಬೆಂದಿತು, ತಿಂದವರಿಗೇ ಗೊತ್ತಿಲ್ಲ. ಮೀನಿನಿಂದ ಯಾರಿಗೂ ಏನೂ ಆಗದಿರಬಹುದು. ಆದರೆ ನಂಬಿಕೆ ಹೋಯಿತಲ್ಲ, ಅದನ್ನು ಯಾವ ಪ್ರಯೋಗಾಲಯದ ವರದಿ ವಾಪಸ್ ತಂದುಕೊಡುತ್ತದೆ? ಅಮೆರಿಕದ ದೊಡ್ಡ ದೊಡ್ಡ ಅಂಗಡಿ ಸರಪಳಿಗಳು ಈ ಮೀನನ್ನು ಮಾರುವುದಿಲ್ಲ ಅಂದವು. 2024ರ ಡಿಸೆಂಬರಿನಲ್ಲಿ ಕಂಪನಿ ಮೀನು ಸಾಕಣೆಯನ್ನೇ ನಿಲ್ಲಿಸಿತು. ಹಣದ ಮುಗ್ಗಟ್ಟು ನಿಜ. ಕೊಳ್ಳುವವರ ವಿಶ್ವಾಸ ಗಳಿಸಿದ್ದರೆ ಆ ಮುಗ್ಗಟ್ಟು ಅಷ್ಟು ಬಿಗಿಯಾಗುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಜನರ ಮೇಲೂ ನನ್ನದೊಂದು ದೂರಿದೆ. ಕುಲಾಂತರಿ ಮೀನಿನ ವಿರುದ್ಧ ಎದ್ದ ದನಿಯಲ್ಲಿ ಅರ್ಧದಷ್ಟಾದರೂ ಮಾಮೂಲಿ ಸಾಕಣೆ ಮೀನಿನ ಬಗ್ಗೆ ಏಳಬೇಕಿತ್ತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ ಪ್ರಕಾರ 2022ರಲ್ಲಿ ಮೀನು, ಸೀಗಡಿ ಮುಂತಾದ ಜಲಚರಗಳಲ್ಲಿ ಶೇ 51ರಷ್ಟು ಬಂದದ್ದು ಸಾಕಣೆಯಿಂದ. ಹಿಡಿದು ತಂದದ್ದನ್ನು ಸಾಕಿದ್ದು ಮೀರಿಸಿದ್ದು ಅದೇ ಮೊದಲು. ಅಷ್ಟಾದರೂ ಸಾಕಣೆ ಹೇಗೆ ನಡೆಯುತ್ತದೆ ಅಂತ ಕೇಳುವವರು ಕಡಿಮೆ.

ಸಾಲ್ಮನ್ನಿನ ಬಣ್ಣವನ್ನೇ ತಗೊಳ್ಳಿ. ಕಾಡು ಸಾಲ್ಮನ್ ಸಣ್ಣ ಸೀಗಡಿಯಂಥ ಜೀವಿಗಳನ್ನು ತಿಂದು ಕೆಂಪಾಗುತ್ತದೆ. ಪಂಜರದ ಸಾಲ್ಮನ್ನಿಗೆ ಆ ಊಟವಿಲ್ಲ. ಹಾಗೇ ಬಿಟ್ಟರೆ ಮಾಂಸ ಬೂದು ಬಣ್ಣಕ್ಕಿರುತ್ತದೆ. ಅದಕ್ಕೆ ಮೇವಿನಲ್ಲಿ ಅಸ್ಟಾಜಾಂತಿನ್ ಅನ್ನುವ ಕೆಂಪು ಬಣ್ಣದ ವಸ್ತು ಬೆರೆಸುತ್ತಾರೆ. ಎಷ್ಟು ಕೆಂಪಾಗಿದೆ ಅಂತ ಅಳೆಯಲು ತಿಳಿಗುಲಾಬಿಯಿಂದ ಕಡುಗೆಂಪಿನವರೆಗೆ ನಂಬರು ಹಾಕಿದ ಪಟ್ಟಿಗಳ, ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಒಂದು ಕಾರ್ಡೇ ಇದೆ. ಕೊಯ್ದ ಮಾಂಸದ ಪಕ್ಕ ಹಿಡಿದು ನಂಬರು ನೋಡುತ್ತಾರೆ. ಈ ವಸ್ತು ವಿಷವೇನಲ್ಲ, ಕಾಡು ಮೀನಿಗೆ ಬಣ್ಣ ಕೊಡುವುದೂ ಅದೇ. ಆದರೂ ಕೊಳ್ಳುವವರಿಗೆ ಇದು ಗೊತ್ತಿರಬೇಡವೇ?

ಬಣ್ಣಕ್ಕಿಂತ ದೊಡ್ಡದು ಕಡಲಿನಲ್ಲಿ ಕಟ್ಟಿದ ಬಲೆ ಪಂಜರಗಳ ಸಮಸ್ಯೆ. ಹಿಕ್ಕೆ, ಉಳಿದ ಮೇವು, ಮೀನಿಗೆ ಹತ್ತುವ ಹೇನು ಎಲ್ಲವೂ ನೇರ ಸಮುದ್ರಕ್ಕೆ. 2017ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಪಂಜರ ಕುಸಿದು ಎರಡು ಲಕ್ಷಕ್ಕೂ ಹೆಚ್ಚು ಅಟ್ಲಾಂಟಿಕ್ ಸಾಲ್ಮನ್ ಶಾಂತ ಸಾಗರಕ್ಕೆ ನುಗ್ಗಿದವು. ಅವು ಕುಲಾಂತರಿ ಅಲ್ಲ, ಎಲ್ಲರೂ ತಿನ್ನುವ ಮಾಮೂಲಿ ಸಾಕಣೆ ಮೀನು. ಆಕ್ವಾಅಡ್ವಾಂಟೇಜ್ ಮೀನನ್ನಾದರೋ ನೆಲದ ಮೇಲಿನ ತೊಟ್ಟಿಗಳಲ್ಲಿ, ಹೆಣ್ಣನ್ನು ಮಾತ್ರ, ಅದೂ ಬಂಜೆಯಾಗಿಸಿ ಬೆಳೆಸುತ್ತಿದ್ದರು. ಅಷ್ಟಿದ್ದರೂ ಅದು ತಪ್ಪಿಸಿಕೊಂಡರೆ ಏನಾದೀತು ಅನ್ನುವುದನ್ನು ಎಫ್‌ಡಿಎ ಸರಿಯಾಗಿ ಪರಿಶೀಲಿಸಿಲ್ಲ ಅಂತ 2020ರಲ್ಲಿ ಅಮೆರಿಕದ ಫೆಡರಲ್ ನ್ಯಾಯಾಲಯ ಹೇಳಿತು. ಹೇಳಿದ್ದು ಸರಿ. ಪಂಜರದ ಮೀನಿಗೂ ಅಷ್ಟೇ ಕಟ್ಟುನಿಟ್ಟಾಗಿ ಈ ಪ್ರಶ್ನೆ ಹಾಕಬೇಕು.

ಜಪಾನಿನಲ್ಲಿ 2021ರಿಂದ ಜೀನ್ ತಿದ್ದಿದ ಮೀನು ಮಾರಾಟಕ್ಕಿದೆ. ಹೊರಗಿನ ಜೀನ್ ಸೇರಿಸದೆ, ಮಾಂಸಖಂಡದ ಬೆಳವಣಿಗೆಗೆ ಕಡಿವಾಣ ಹಾಕುವ ಜೀನನ್ನು ಕೆಲಸ ಮಾಡದಂತೆ ಮಾಡಿದ ತಳಿ. ಲೇಬಲ್ ಹಾಕಲೇಬೇಕೆಂದು ಅಲ್ಲಿನ ಕಾನೂನೂ ಒತ್ತಾಯಿಸುವುದಿಲ್ಲ. ಕಂಪನಿ ಮಾತ್ರ ಹೇಳಿಕೊಂಡೇ ಮಾರುತ್ತಿದೆ. ದಾರಿ ಅಂದರೆ ಇದು.

ಪ್ಯಾಕೆಟ್ ಮೇಲೆ ಮೂರೇ ಸಾಲು ಸಾಕು: ಎಲ್ಲಿ ಬೆಳೆಸಿದ್ದು, ಏನು ತಿನ್ನಿಸಿದ್ದು, ಜೀನ್ ಬದಲಾಯಿಸಿದ್ದಾರೋ ಇಲ್ಲವೋ. ಸಣ್ಣಕ್ಷರದಲ್ಲಿ, ಕ್ಯೂಆರ್ ಕೋಡಿನ ಹಿಂದೆ ಬೇಡ, ಬೆಲೆಯಷ್ಟೇ ದಪ್ಪಕ್ಷರದಲ್ಲಿ ಇರಲಿ. ಅಷ್ಟು ಬರೆದರೆ ಕುಲಾಂತರಿ ಸಾಲ್ಮನ್ ಕೊಂಡು ತಿನ್ನಲು ನಾನು ತಯಾರು. ಬೇಡ ಅನ್ನುವವರು ಪಕ್ಕದ ಮೀನು ತಗೊಳ್ಳಲಿ.