ದೇವರ ಹೆಸರು ಕೊನೆಯ ಪುಟದಲ್ಲಿ

ನಮ್ಮೂರ ತೇರು ದವನದ ಹುಣ್ಣಿಮೆಗೆ. ಆದರೆ ಅದರ ಆಹ್ವಾನ ಪತ್ರಿಕೆ ಯುಗಾದಿಯ ಬೇವು ಬೆಲ್ಲಕ್ಕೂ ಮೊದಲೇ ಮನೆಗೆ ಬರುತ್ತದೆ. ಮದುವೆಯ ಕರೆಯೋಲೆಗಿಂತ ದಪ್ಪ, ಪಂಚಾಂಗಕ್ಕಿಂತ ತುಸು ತೆಳು. ಮಡಿಕೆ ಬಿಚ್ಚಿ ಹಾಸಿದರೆ ಒಂದು ಮಗು ಆರಾಮವಾಗಿ ಮಲಗಬಹುದು.

ಕನ್ನಡಕ ಏರಿಸಿಕೊಂಡು ದೇವರನ್ನು ಹುಡುಕಿದೆ. ಉದ್ಘಾಟಕರು ಸಿಕ್ಕರು. ಅಧ್ಯಕ್ಷತೆ ವಹಿಸುವವರು ಸಿಕ್ಕರು. 'ದಿವ್ಯ ಸಾನ್ನಿಧ್ಯ' ಎಂಬ ತಲೆಬರಹ ಕಂಡಾಗ ಇಲ್ಲಂತೂ ಇದ್ದೇ ಇರುತ್ತಾನೆ ಎಂದುಕೊಂಡೆ. ಅಲ್ಲಿ ಮೂವರು ಸ್ವಾಮೀಜಿಗಳಿದ್ದರು. ಮುಂದೆ 'ಘನ ಉಪಸ್ಥಿತಿ', ಅದರ ಕೆಳಗೆ 'ಗೌರವ ಉಪಸ್ಥಿತಿ'. ಘನದವರಿಗೆ ಗೌರವ ಇಲ್ಲವೆಂದೋ, ಗೌರವದವರು ದ್ರವವೆಂದೋ, ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿದ ನನಗೂ ಇವತ್ತಿನವರೆಗೆ ಅರ್ಥವಾಗಿಲ್ಲ. ಹಾಲಿಗಳು ಮುಗಿದ ಮೇಲೆ ಮಾಜಿಗಳು, ಮಾಜಿಗಳು ಮುಗಿದ ಮೇಲೆ 'ಪರಾಜಿತ ಅಭ್ಯರ್ಥಿಗಳು' ಎಂದು ಬರೆಯಲಾಗದ ಕಾರಣ 'ಸಮಾಜ ಸೇವಕರು'. ಕೊನೆಯ ಪುಟದಲ್ಲಿ, ಶಾಮಿಯಾನದವನ ಹೆಸರಿಗಿಂತ ಒಂದು ಸಾಲು ಮೇಲೆ, ಅಂತೂ ಸಿಕ್ಕ: 'ಸಂಜೆ 4-30ಕ್ಕೆ ಸ್ವಾಮಿಯ ರಥೋತ್ಸವ.' ಯಾವ ಸ್ವಾಮಿ ಎಂದು ಬರೆಯಲು ಜಾಗ ಉಳಿದಿರಲಿಲ್ಲ.

ಪಾಪ, ಇದರಲ್ಲಿ ದೇವರದೂ ಸ್ವಲ್ಪ ತಪ್ಪಿದೆ. ಅವನ ದರ್ಜೆಯೇ ಅಷ್ಟು. ಮುಜರಾಯಿ ಇಲಾಖೆಯ ಲೆಕ್ಕದಲ್ಲಿ ವರ್ಷಕ್ಕೆ 25 ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯವಿದ್ದ ದೇವಸ್ಥಾನ 'ಎ', 5 ಲಕ್ಷಕ್ಕಿಂತ ಹೆಚ್ಚಿದ್ದರೆ 'ಬಿ', ಉಳಿದದ್ದು 'ಸಿ'. ನಮ್ಮವನು 'ಸಿ'. ಅವನ ಪ್ರಾಕಾರದ ಗೋಡೆಗೆ ಸುಣ್ಣ ಹೊಡೆಸಿದ ಗುತ್ತಿಗೆದಾರ ಮೊದಲ ದರ್ಜೆಯವನು. ಹೀಗಿರುವಾಗ ಯಾರ ಹೆಸರು ಮೇಲಿರಬೇಕೆಂದು ಶಿಷ್ಟಾಚಾರ ಬಲ್ಲ ಯಾರನ್ನು ಬೇಕಾದರೂ ಕೇಳಿ.

ಈ ಶಿಷ್ಟಾಚಾರ ಹುಟ್ಟುವುದು ಪೂರ್ವಭಾವಿ ಸಭೆಯಲ್ಲಿ. ಊರಿನ ನಿವೃತ್ತ ಮೇಷ್ಟ್ರು ಎಂಬ ಕಾರಣಕ್ಕೆ ನಿರೂಪಣೆ ಪ್ರತಿವರ್ಷ ನನ್ನ ಕೊರಳಿಗೇ ಬೀಳುವುದರಿಂದ, ಸಭೆಯ ಮೂಲೆಯಲ್ಲಿ ನನಗೂ ಒಂದು ಕುರ್ಚಿ ಇರುತ್ತದೆ. ಈ ಸಲದ ಸಭೆ ಎರಡು ಗಂಟೆ ನಡೆಯಿತು. ಅದರಲ್ಲಿ ಒಂದೂಮುಕ್ಕಾಲು ಗಂಟೆ ಹೆಸರುಗಳ ಅನುಕ್ರಮಕ್ಕೆ ಹೋಯಿತು. ಜಿಲ್ಲಾ ಪಂಚಾಯಿತಿಯ ಮಾಜಿ ಉಪಾಧ್ಯಕ್ಷರು ನಿಗಮವೊಂದರ ಹಾಲಿ ನಿರ್ದೇಶಕರಿಗಿಂತ ಮೇಲೋ ಕೆಳಗೋ ಎಂಬ ಪ್ರಶ್ನೆ ಎದ್ದಾಗ ಮಾತ್ರ ಕಚೇರಿಯ ಫ್ಯಾನಿನ ಸದ್ದು ಕೇಳಿಸಿತು. ಕೊನೆಯ ಕಾಲು ಗಂಟೆಯಲ್ಲಿ ಯಾರೋ ಒಬ್ಬರು ನೀರಿನ ವಿಷಯ ಎತ್ತಿದರು. ಊರಿನ ಮೂರು ಕೊಳವೆಬಾವಿಗಳಲ್ಲಿ ಎರಡು ಬತ್ತಿವೆ, ಮೂರನೆಯದು ಕೆಮ್ಮುತ್ತಿದೆ, ಜಾತ್ರೆಗೆ ಸುತ್ತಲಿನ ಹಳ್ಳಿಗಳ ಜನ ಬರುತ್ತಾರೆ ಎಂದರು. ನಡಾವಳಿಯಲ್ಲಿ ದಾಖಲಾಯಿತು: 'ಟ್ಯಾಂಕರ್ ಮೂಲಕ ಕ್ರಮ ವಹಿಸತಕ್ಕದ್ದು.' ಯಾರು ವಹಿಸತಕ್ಕದ್ದು ಎಂಬುದನ್ನು ಕನ್ನಡ ವ್ಯಾಕರಣ ಬಹಳ ಅನುಕೂಲಕರವಾಗಿ ಹೇಳದೆ ಬಿಡುತ್ತದೆ.

ಬೇಸಿಗೆ ಎಂದರೆ ನಮ್ಮ ತಾಲ್ಲೂಕಿಗೆ ಜಾತ್ರೆ ಮಾತ್ರವಲ್ಲ. ಏಪ್ರಿಲ್ 5ಕ್ಕೆ ಒಂದು ಜಯಂತಿ, 14ಕ್ಕೆ ಒಂದು, ಅಕ್ಷಯ ತದಿಗೆಗೆ ಬಸವಣ್ಣನವರದು, ಮೇ 10ಕ್ಕೆ ಹೇಮರಡ್ಡಿ ಮಲ್ಲಮ್ಮನದು. ನಡುನಡುವೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ. ಅದರ ಪಾರಿತೋಷಕ ಗೆದ್ದವನಿಗಿಂತ ಎತ್ತರ. ಆ ಮಹನೀಯರೆಲ್ಲ ದೊಡ್ಡವರೇ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರೆಲ್ಲ ಅದೇ ಹಾರ, ಅದೇ ಶಾಲು, ಅದೇ ಭಾಷಣದ ಬಗ್ಗೆ. ಭಾವಚಿತ್ರ ಮಾತ್ರ ಬದಲಾಗುತ್ತದೆ. ಒಂದು ಸಲ ಅದನ್ನೂ ಬದಲಿಸಲು ಮರೆತಿದ್ದರು, ಭಾಷಣಕಾರರಿಗೆ ಗೊತ್ತಾಗಲಿಲ್ಲ.

ನನಗೆ ಇವುಗಳಲ್ಲಿ ಅತಿ ಪ್ರಿಯವಾದದ್ದು ವೈಶಾಖದ ಭಗೀರಥ ಜಯಂತಿ. ಆಕಾಶದ ಗಂಗೆಯನ್ನು ಭೂಮಿಗೆ ಇಳಿಸಿದವನ ಹುಟ್ಟುಹಬ್ಬವನ್ನು ನಡುಬೇಸಿಗೆಯಲ್ಲಿ, ನಲ್ಲಿ ಒಣಗಿದ ಸಭಾಂಗಣದಲ್ಲಿ, ಗಣ್ಯರಿಗೆ ಅರ್ಧ ಲೀಟರಿನ ಬಾಟಲಿ ಇಟ್ಟು ಆಚರಿಸುತ್ತಾರೆ. ಕಳೆದ ವರ್ಷ ಒಬ್ಬ ಅತಿಥಿಗಳು ಭಗೀರಥ ಪ್ರಯತ್ನದ ಬಗ್ಗೆ ಮಾತನಾಡುತ್ತ ಗಂಟಲು ಒಣಗಿ ಬಾಟಲಿಗೆ ಕೈಯಿಟ್ಟರು. ಮುಚ್ಚಳ ತೆರೆಯಲಾಗಲಿಲ್ಲ. ಪಕ್ಕದವರೂ ಪ್ರಯತ್ನಿಸಿದರು. ಕೊನೆಗೆ ಗುಮಾಸ್ತರು ಬಂದು ಹಲ್ಲಿನಿಂದ ಕಚ್ಚಿ ಗಂಗೆಯನ್ನು ಬಿಡಿಸಿದರು.

ಇನ್ನು ಫ್ಲೆಕ್ಸು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆ ಹೊರಡಿಸಿತು. ಕೈಚೀಲ, ಬ್ಯಾನರ್, ಬಂಟಿಂಗ್ಸ್, ಫ್ಲೆಕ್ಸ್, ತಟ್ಟೆ, ಲೋಟ, ಚಮಚ ಎಲ್ಲವೂ ಅದರಲ್ಲಿವೆ. ಓದುವಾಗ ನಮ್ಮ ಜಾತ್ರೆಯ ಖರೀದಿ ಪಟ್ಟಿಯನ್ನೇ ಯಾರೋ ಅಲ್ಲಿಗೆ ಕಳಿಸಿದ್ದಾರೆ ಅನ್ನಿಸುತ್ತದೆ. ಊರ ಹೆಬ್ಬಾಗಿಲಿನಿಂದ ಪಾದಗಟ್ಟೆಯವರೆಗೆ ಈ ವರ್ಷ ನಲವತ್ತಾರು ಫ್ಲೆಕ್ಸ್ ಎಣಿಸಿದೆ. ದೇವರು ಮೂರರಲ್ಲಿ ಇದ್ದ, ಎಡಮೇಲಿನ ಮೂಲೆಯಲ್ಲಿ, ಅಂಚೆಚೀಟಿಯಷ್ಟು. ನಡುವೆ ಕೈಮುಗಿದ ಮುಖಂಡರು, ಕೆಳಗೆ ದ್ರಾಕ್ಷಿ ಗೊಂಚಲಿನ ಹಾಗೆ 'ಶುಭ ಕೋರುವವರು'. ಹಿಂದೆ ಜಾತ್ರೆಗೆ ಬಂದವರಿಗಾಗಿ ಅರವಟಿಗೆ ಇಡುತ್ತಿದ್ದರು. ಮಣ್ಣಿನ ಹರವಿ, ಮೇಲೊಂದು ಒದ್ದೆ ಬಟ್ಟೆ, ಪಕ್ಕದಲ್ಲಿ ಬೆಲ್ಲದ ತುಣುಕು. ಇಟ್ಟವರು ಯಾರೆಂದು ಕುಡಿದವರಿಗೆ ತಿಳಿಯುತ್ತಿರಲಿಲ್ಲ. ಈಗ ನೀರಿನ ಕ್ಯಾನು ಚಿಕ್ಕದು, ಕೊಟ್ಟವರ ಫೋಟೊ ದೊಡ್ಡದು. ಮಧ್ಯಾಹ್ನ ಹನ್ನೆರಡಕ್ಕೆ ಕ್ಯಾನು ಖಾಲಿಯಾಗುತ್ತದೆ. ಫೋಟೊ ಮಳೆಗಾಲದವರೆಗೆ ನಗುತ್ತಿರುತ್ತದೆ.

ನಮ್ಮದು ಚಿಲ್ಲರೆ ಜಾತ್ರೆ. ದೊಡ್ಡದು ನೋಡಬೇಕೆಂದರೆ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಗೆ ಹೋಗಬೇಕು. ತಿಪ್ಪೇರುದ್ರಸ್ವಾಮಿಯ ತೇರು, ಫಾಲ್ಗುಣದ ಬಿಸಿಲಿನಲ್ಲಿ ಲಕ್ಷಗಟ್ಟಲೆ ಜನ, ಕೊಬ್ಬರಿ ಸುಡುವ ಹೊಗೆ. ಬಯಲುಸೀಮೆಯ ಆ ಒಣ ನೆಲದಲ್ಲಿ ಕೆರೆಗಳನ್ನು ಕಟ್ಟಿಸಿದವನೆಂದು ಜನ ಇವತ್ತಿಗೂ ಅವನನ್ನು ನೆನೆಯುತ್ತಾರೆ. 'ಮಾಡಿದಷ್ಟು ನೀಡು ಭಿಕ್ಷೆ' ಎಂಬುದು ಅವನ ಮಾತು. ಅಲ್ಲಿ ತೇರು ಎಳೆಯುವ ಮುನ್ನ ಮುಕ್ತಿ ಬಾವುಟದ ಹರಾಜು ನಡೆಯುತ್ತದೆ. ಈಚಿನ ವರ್ಷಗಳಲ್ಲಿ ಕೂಗು ಅರ್ಧ ಕೋಟಿ ರೂಪಾಯಿ ದಾಟಿದೆ, ಬಾವುಟ ಹಲವು ಬಾರಿ ರಾಜಕಾರಣಿಗಳ ಪಾಲಾಗಿದೆ. ಹಣ ದೇವಸ್ಥಾನಕ್ಕೇ ಸೇರುತ್ತದೆ, ಅದಕ್ಕೆ ನಾನು ಕಲ್ಲು ಹಾಕುವುದಿಲ್ಲ. ಆದರೆ ಮುಕ್ತಿಗೂ ಟೆಂಡರ್ ಪದ್ಧತಿ ಬಂದಮೇಲೆ ನನ್ನಂಥ ಪಿಂಚಣಿದಾರ ಏನು ಮಾಡಬೇಕು? ಠೇವಣಿ ಕಟ್ಟುವಷ್ಟು ಪುಣ್ಯವೂ ಕೈಯಲ್ಲಿಲ್ಲ. ಕೆರೆ ಕಟ್ಟಿಸಿದರೂ ಮುಕ್ತಿ ಸಿಗುತ್ತದಂತೆ. ಆದರೆ ಕೆರೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಫೋಟೊ ತೆಗೆಸಿಕೊಳ್ಳಲು ಬರುವುದಿಲ್ಲ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಬೇಸಿಗೆಯ ಬಾಗಿಲು ತೆರೆಯುವ ಹೊತ್ತಿಗೆ ಕಾರ್ಣಿಕ, ಎಂದರೆ ಬರುವ ವರ್ಷದ ಭವಿಷ್ಯ, ನುಡಿಯುತ್ತಾರೆ. ಗೊರವಯ್ಯ ಹನ್ನೊಂದು ದಿನ ಉಪವಾಸವಿದ್ದು, ಎತ್ತರದ ಬಿಲ್ಲೇರಿ, 'ಸದ್ದಲೇ' ಎನ್ನುತ್ತಾನೆ. ಅಷ್ಟು ದೊಡ್ಡ ಬಯಲು ಉಸಿರು ಬಿಗಿಹಿಡಿಯುತ್ತದೆ. ಒಂದೇ ಒಂದು ಸಾಲು ನುಡಿದು ಕೆಳಗೆ ಬೀಳುತ್ತಾನೆ, ಜನ ಹಿಡಿದುಕೊಳ್ಳುತ್ತಾರೆ. ಹನ್ನೊಂದು ದಿನ ಹಸಿದವನದು ಒಂದೇ ಸಾಲು. ಹೋಳಿಗೆ ಊಟ ಮಾಡಿ ಬಂದವರದು ನಲವತ್ತೈದು ನಿಮಿಷ. ವೇದಿಕೆಯ ಗಣ್ಯರಿಗೂ ಹನ್ನೊಂದು ದಿನದ ಉಪವಾಸ ಕಡ್ಡಾಯ ಮಾಡಿ ಎಂದು ಪೂರ್ವಭಾವಿ ಸಭೆಯಲ್ಲಿ ಸೂಚಿಸಬೇಕೆಂದಿದ್ದೆ, ಧೈರ್ಯ ಬರಲಿಲ್ಲ.

ಆ ಸಾಲು ಬಿದ್ದ ಮರುಕ್ಷಣ ಅರ್ಥ ಹೇಳುವವರ ಜಾತ್ರೆ ಶುರು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. 2024ರ ಕಾರ್ಣಿಕ 'ಸಂಪಾಯಿತಲೇ ಪರಾಕ್'. ಆ ವರ್ಷ ಮಳೆ ಚೆನ್ನಾಗಿಯೇ ಬಂತು. ಗೊರವಯ್ಯನ ಮಾತಿಗೆ ಸೋಲಿಲ್ಲ. ಸೋತವರು ಅದರಲ್ಲಿ ಮುಂದಿನ ಮುಖ್ಯಮಂತ್ರಿಯನ್ನು ಹುಡುಕುತ್ತಿದ್ದವರು. 2025ರದು 'ತುಂಬಿದ ಕೊಡ ತುಳುಕಿತಲೇ ಪರಾಕ್'. ಕೊಡ ಎಂದರೆ ಸರ್ಕಾರ, ತುಳುಕುವುದೆಂದರೆ ಬಂಡಾಯ ಎಂದು ಪಂಡಿತರು ಟಿ.ವಿ.ಯಲ್ಲಿ ಬಿಡಿಸಿ ಹೇಳುತ್ತಿದ್ದರು. ನಮ್ಮ ಪಕ್ಕದ ಮನೆಯ ಗೌರಮ್ಮತ್ತೆ ಖಾಲಿ ಕೊಡ ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲೇ ನಿಂತು ಕೇಳಿ, "ಯಾವ ಊರಿನ ಕೊಡವಂತೆ ಮೇಷ್ಟ್ರೇ?" ಎಂದರು.

ತೇರಿನ ದಿನಕ್ಕೆ ಬರೋಣ. ಮುಹೂರ್ತ ನಾಲ್ಕೂವರೆ. ನಾಲ್ಕಕ್ಕೇ ಉತ್ಸವಮೂರ್ತಿ ತೇರೇರಿ ಕುಳಿತ. ಜನ ಬಾಳೆಹಣ್ಣಿಗೆ ದವನ ಸಿಕ್ಕಿಸಿಕೊಂಡು ಕಲಶಕ್ಕೆ ಗುರಿಯಿಟ್ಟು ಸಿದ್ಧರಾದರು. ಮಿಣಿ ಹಿಡಿಯುವವರು ಮಿಣಿ ಹಿಡಿದರು, ಗಾಲಿಗೆ ಸನ್ನೆ ಹಾಕುವವರು ಸನ್ನೆ ಹಿಡಿದರು. ನಾಲ್ಕು ನಲವತ್ತಕ್ಕೆ ಸುದ್ದಿ ಬಂತು: ಸಾಹೇಬರು ಹೊರಟಿದ್ದಾರೆ. ಐದು ಗಂಟೆಗೆ ಇನ್ನೊಂದು ಸುದ್ದಿ: ಹೊರಡುತ್ತಿದ್ದಾರೆ. ಐದೂಕಾಲಿಗೆ: ಸ್ನಾನಕ್ಕೆ ಹೋಗಿದ್ದಾರೆ. ಸುದ್ದಿ ಹಿಂದುಹಿಂದಕ್ಕೆ ನಡೆಯುತ್ತಿತ್ತು. ಇನ್ನರ್ಧ ಗಂಟೆ ಬಿಟ್ಟಿದ್ದರೆ ಅವರು ಇನ್ನೂ ಹುಟ್ಟಿಲ್ಲ ಎಂಬಲ್ಲಿಗೆ ಹೋಗಿ ಮುಟ್ಟುತ್ತಿತ್ತು. ಅರ್ಚಕರು ಪಂಚಾಂಗ ತಿರುವಿ, ಗೋಧೂಳಿ ಲಗ್ನ ಇನ್ನೂ ಪ್ರಶಸ್ತ ಎಂಬ ಹೊಸ ಸಂಶೋಧನೆಯನ್ನು ಮೈಕಿನಲ್ಲಿ ಪ್ರಕಟಿಸಿದರು. ನಾನು ವೇದಿಕೆಯಲ್ಲಿ ಕುಳಿತವರ ಹೆಸರುಗಳನ್ನು ಎರಡನೆಯ ಸಲ ಓದಿದೆ. ಅಷ್ಟರಲ್ಲಿ ವೇದಿಕೆಯ ಮೇಲೆ ಅರವತ್ತೆರಡು ಜನ, ಕೆಳಗಿನ ಕುರ್ಚಿಗಳಲ್ಲಿ ಮೂವತ್ತು. ಅವರಲ್ಲೂ ಅರ್ಧ ಮಂದಿ ಮೇಲೆ ಕುಳಿತವರ ಚಾಲಕರು.

ಬಾಳೆಹಣ್ಣು ಹಿಡಿದು ನಿಂತಿದ್ದ ಮಕ್ಕಳು ಹಸಿವಾಗಿ ಅದನ್ನು ತಿಂದು, ದವನವನ್ನು ಮಾತ್ರ ದೇವರ ಕಡೆಗೆ ಎಸೆದರು.

ಮಿಣಿ ಹಿಡಿಯುವ ಅಜ್ಜನೊಬ್ಬ ನನ್ನ ಬಳಿ ಬಂದ. ಅವರ ಮನೆತನದ್ದೇ ಮೊದಲ ಹಿಡಿತ. "ಮೇಷ್ಟ್ರೇ, ಬರುವ ಸಾಹೇಬರು ತೇರು ಎಳೆಯುತ್ತಾರೋ?" ಎಂದ.

"ಇಲ್ಲ ಅಜ್ಜ, ಮಿಣಿ ಮುಟ್ಟುತ್ತಾರೆ."

"ಮುಟ್ಟುವುದಕ್ಕೆ ಎರಡು ತಾಸು ಕಾಯಬೇಕೋ? ಮಿಣಿಯ ಒಂದು ತುಂಡು ಕತ್ತರಿಸಿ ಅವರ ಮನೆಗೇ ಕಳಿಸಿ."

ಆರೂ ಹತ್ತಕ್ಕೆ ಸಾಹೇಬರು ಬಂದರು. ಅವರ ಹಿಂದೆ ಹದಿನಾಲ್ಕು ವಾಹನ, ಹದಿನೈದನೆಯದು ನೀರಿನ ಟ್ಯಾಂಕರು. ಅದು ಅವರ ಜೊತೆ ಬಂದದ್ದಲ್ಲ, ಬೆಳಿಗ್ಗೆಯೇ ಬರಬೇಕಾಗಿದ್ದದ್ದು. ಸಾಹೇಬರ ಸಾಲಿನ ಹಿಂದೆ ಸಿಕ್ಕಿಕೊಂಡು ಮುಂದೆ ಹೋಗಲಾಗದೆ ಬಂದಿತ್ತು. ಆದರೂ ಮೆರವಣಿಗೆಯಲ್ಲಿ ಜನ ಶಿಳ್ಳೆ ಹಾಕಿದ್ದು ಅದೊಂದಕ್ಕೇ. ಸಾಹೇಬರು ಅದು ತಮಗೇ ಎಂದು ತಿಳಿದು ಕೈಮುಗಿದರು. ಮಿಣಿ ಮುಟ್ಟಿದರು, ಫೋಟೊ ಆಯಿತು, ತೇರು ಇಪ್ಪತ್ತು ಹೆಜ್ಜೆ ಚಲಿಸಿತು, ನಿಂತಿತು. 'ಬಡವರ ಬಂಧು' ಎಂಬ ಸ್ವಾಗತ ಕಮಾನು ತೇರಿಗಿಂತ ಮೂರು ಅಡಿ ಗಿಡ್ಡ. ಕಲಶ ಇಳಿಸುವುದೋ, ಕಮಾನು ಇಳಿಸುವುದೋ? ತುರ್ತು ಸಭೆ ಅಲ್ಲೇ ಬೀದಿಯಲ್ಲಿ ಸೇರಿತು. ಕಮಾನಿನ ಮೇಲೆ ಇದ್ದವರ ಬಗ್ಗೆ ಎಲ್ಲರಿಗೂ ಭಯ, ತೇರಿನ ಮೇಲೆ ಇದ್ದವನ ಬಗ್ಗೆ ಎಲ್ಲರಿಗೂ ಸಲಿಗೆ. ತೀರ್ಮಾನಕ್ಕೆ ಬರುವ ಮೊದಲೇ ಅಜ್ಜ ಹುಡುಗರಿಗೆ ಕಣ್ಣು ಹೊಡೆದ. ಹುಡುಗರು ಮಿಣಿ ಜಗ್ಗಿದರು. ಕಲಶದ ತುದಿ ಬಡವರ ಬಂಧುವಿನ ಎರಡು ಹುಬ್ಬುಗಳ ನಡುವೆ ಹಾದು, ನೆತ್ತಿ ಸೀಳಿಕೊಂಡು ಆಚೆ ಹೊರಟಿತು. ಎಲ್ಲರೂ ಒಟ್ಟಿಗೆ ಪರಾಕು ಕೂಗಿದ್ದರಿಂದ ಯಾರು ಯಾಕೆ ಕೂಗಿದರೆಂದು ತನಿಖೆ ನಡೆಸಲು ಆಗಲಿಲ್ಲ.

ಮರುದಿನ ಬೆಳಿಗ್ಗೆ ನಲವತ್ತಾರು ಫ್ಲೆಕ್ಸ್‌ಗಳಲ್ಲಿ ಒಂದೂ ಉಳಿದಿರಲಿಲ್ಲ. ಕುರಿ ಹಟ್ಟಿಗೆ ಕೆಲವು, ಮೇವಿನ ಬಣವೆಗೆ ಕೆಲವು. ಎಲ್ಲಕ್ಕಿಂತ ದೊಡ್ಡದು ಗೌರಮ್ಮತ್ತೆಯ ಹಿತ್ತಲು ಸೇರಿತ್ತು. ಅವರು ಮೊಣಕಾಲುದ್ದದ ಗುಂಡಿ ತೋಡಿಸಿ, ಅದರ ತಳಕ್ಕೆ ಫ್ಲೆಕ್ಸು ಹಾಸಿ, ಟ್ಯಾಂಕರಿನವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಪೈಪು ಇತ್ತ ತಿರುಗಿಸಿಕೊಂಡಿದ್ದರು. ನಾನು ನೋಡುವಾಗ ಗುಂಡಿ ತುಂಬಿ ತುಳುಕುತ್ತಿತ್ತು. ತಳದಲ್ಲಿ 'ಸರ್ವರಿಗೂ ಸುಸ್ವಾಗತ' ಎಂದು ಬಿಳಿ ಅಂಗಿಯವರು ಕೈಮುಗಿದು ನಗುತ್ತಿದ್ದರು. ಕರು ಅವರ ಮೂಗಿನ ಬಳಿ ಮೂತಿಯಿಟ್ಟು ಸೊರಸೊರನೆ ಕುಡಿಯುತ್ತಿತ್ತು.