ಫೋನ್ ಮಾಡುವವರಿಲ್ಲದ ಶವ

ಮೊನ್ನೆ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಭಾವ ಒಂದು ಚಿತ್ರ ಕಳಿಸಿದರು. ಗಾಜಾದ್ದು. ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗು, ಮುಖ ಮಾತ್ರ ತೆರೆದಿತ್ತು. ಕೆಳಗೆ ‘ಮನುಷ್ಯರಾಗಿದ್ದರೆ ಹಂಚಿಕೊಳ್ಳಿ’ ಎಂಬ ಸಾಲು. ಅದರ ಮೇಲಿನ ಚಿತ್ರ ಅತ್ತೆ ಮಾಡಿದ ಹೋಳಿಗೆಯದು. ಹೋಳಿಗೆಗೂ ಕೈಮುಗಿದಿದ್ದರು, ಮಗುವಿಗೂ ಕೈಮುಗಿದರು.

ಇದನ್ನು ಕಳಿಸಬಾರದಿತ್ತು ಎನ್ನಲು ನನಗೆ ಬಾಯಿ ಬರಲಿಲ್ಲ. ಒಂಬತ್ತು ವರ್ಷ ನಾನು ಪತ್ರಿಕೆಯೊಂದರಲ್ಲಿ ರಾತ್ರಿ ಪಾಳಿಯ ಉಪಸಂಪಾದಕನಾಗಿದ್ದೆ. ಹೆದ್ದಾರಿಯಲ್ಲಿ ಅಪಘಾತವಾದರೆ ಸತ್ತವರ ಮುಖ ಕಾಣದ ಹಾಗೆ ಚಿತ್ರ ಕತ್ತರಿಸುತ್ತಿದ್ದೆವು, ಇಲ್ಲವೇ ನಜ್ಜುಗುಜ್ಜಾದ ವಾಹನವನ್ನಷ್ಟೇ ಹಾಕುತ್ತಿದ್ದೆವು. ಮುಖ ಹಾಕಿದರೆ ಬೆಳಿಗ್ಗೆ ಏಳಕ್ಕೆಲ್ಲ ಅವರ ಕಡೆಯವರ ಫೋನ್ ಬರುತ್ತಿತ್ತು. ಅದೇ ರಾತ್ರಿ ವಿದೇಶ ಪುಟಕ್ಕೆ ಏಜೆನ್ಸಿಯಿಂದ ಬಂದ ಸಿರಿಯಾದ ಚಿತ್ರ ಮೂರು ಕಾಲಂ ಅಗಲಕ್ಕೆ ಹೋಗುತ್ತಿತ್ತು: ಅಪ್ಪನ ತೋಳಿನಲ್ಲಿ ಕತ್ತು ವಾಲಿದ ಹುಡುಗ, ಮುಖ ಸ್ಪಷ್ಟ. ಅಲೆಪ್ಪೊದಿಂದ ನಮ್ಮ ಕಚೇರಿಗೆ ಯಾರು ಫೋನ್ ಮಾಡುತ್ತಾರೆ? ಒಮ್ಮೆ ಕೊನೆಯ ಗಳಿಗೆಯಲ್ಲಿ ಜಾಹೀರಾತು ಬಂದು ಜಾಗ ಕಡಿಮೆಯಾಯಿತು. ಅಪ್ಪನನ್ನು ಕತ್ತರಿಸಿ ಹುಡುಗನನ್ನು ಉಳಿಸಿಕೊಂಡೆ. ಮೌಸ್ ಹಿಡಿದು ಒಂದು ಸಲ ಎಳೆದರೆ ಮುಗಿಯುವ ಕೆಲಸ. ಪುಟ ಕಳಿಸಿ ಚಹಾ ಕುಡಿಯಲು ಹೋದೆ.

ಯುದ್ಧದ ಚಿತ್ರದ ಮಾತು ಬಂದಾಗಲೆಲ್ಲ ನಾವು ಹಿಡಿದು ಬಡಿಯುವುದು ಛಾಯಾಗ್ರಾಹಕನನ್ನು. ‘ಕ್ಯಾಮೆರಾ ಬಿಸಾಕಿ ಕಾಪಾಡಬಹುದಿತ್ತಲ್ಲ?’ 1972ರ ಜೂನ್ 8ರಂದು ವಿಯೆಟ್ನಾಂನ ಟ್ರಾಂಗ್ ಬಾಂಗ್‌ನಲ್ಲಿ ನೇಪಾಮ್ ಎಂಬ, ಮೈಗೆ ಅಂಟಿ ಉರಿಯುವ ಬಾಂಬಿನ ಬೆಂಕಿಗೆ ಬಟ್ಟೆ ಸುಟ್ಟು, ಬೆತ್ತಲೆಯಾಗಿ ಓಡಿಬಂದ ಒಂಬತ್ತು ವರ್ಷದ ಕಿಮ್ ಫುಕ್‌ಳನ್ನು ಆಸ್ಪತ್ರೆಗೆ ಸಾಗಿಸಿದ್ದು ಎಪಿ ಸುದ್ದಿಸಂಸ್ಥೆಯ ಛಾಯಾಗ್ರಾಹಕ ನಿಕ್ ಉಟ್. (ಅವಳು ಹಾಗೆ ಓಡಿಬರುವ ಪ್ರಸಿದ್ಧ ಚಿತ್ರ ತೆಗೆದದ್ದು ಅವರೇ ಹೌದೇ ಎಂಬುದು ಈಗ ವಿವಾದ. 2025ರಲ್ಲಿ ಸುದ್ದಿಚಿತ್ರಗಳಿಗೆ ಪ್ರಶಸ್ತಿ ಕೊಡುವ ವರ್ಲ್ಡ್ ಪ್ರೆಸ್ ಫೋಟೊ ಸಂಸ್ಥೆ ಚಿತ್ರದಿಂದ ಅವರ ಹೆಸರನ್ನು ತಡೆಹಿಡಿಯಿತು, ಎಪಿ ಉಳಿಸಿಕೊಂಡಿತು.) ಕಾಪಾಡಿದ್ದಾಯಿತು. ಆದರೂ ಆ ಹುಡುಗಿ ಬೆಳೆಯುತ್ತಾ ಆ ಚಿತ್ರವನ್ನು ದ್ವೇಷಿಸಿದಳು, ಹಾಗೆಂದು ಮುಂದೆ ತಾನೇ ಬರೆದಳು. ಬಹಳ ವರ್ಷಗಳ ಮೇಲೆ ಅದನ್ನು ತನ್ನದೆಂದು ಒಪ್ಪಿಕೊಂಡು ಯುದ್ಧದ ವಿರುದ್ಧ ಮಾತನಾಡಲು ಬಳಸಿಕೊಂಡಳು. ಬೇಡ ಎನ್ನುವುದಕ್ಕೂ ಇರಲಿ ಎನ್ನುವುದಕ್ಕೂ ಅವಳು ಬದುಕಿದ್ದಳು.

ಆ ಬಾಂಬ್ ಹಾಕಿದ್ದು ಅಮೆರಿಕದ ಪೈಲಟ್ ಎಂದು ನಮ್ಮಲ್ಲಿ ಬಹಳ ಜನ ಇಂದಿಗೂ ಬರೆಯುತ್ತಾರೆ. ಹಾಕಿದ್ದು ದಕ್ಷಿಣ ವಿಯೆಟ್ನಾಂನ ವಾಯುಪಡೆ, ತನ್ನದೇ ಜನರಿದ್ದ ಕಡೆ. ಐವತ್ತು ವರ್ಷದಿಂದ ಚಿತ್ರ ಕಣ್ಣಮುಂದಿದೆ, ಅಡಿಬರಹ ಓದಿದವರಿಲ್ಲ. 2016ರಲ್ಲಿ ಫೇಸ್‌ಬುಕ್ ಆ ಚಿತ್ರವನ್ನು ನಗ್ನತೆಯ ಹೆಸರಿನಲ್ಲಿ ಅಳಿಸಿಹಾಕಿತು. ನಾರ್ವೆಯ ಆಫ್ಟನ್‌ಪೋಸ್ಟನ್ ಪತ್ರಿಕೆಯ ಸಂಪಾದಕ ಮುಖಪುಟದಲ್ಲೇ ಜಗಳ ತೆಗೆದ ಮೇಲೆ ಮರಳಿ ಹಾಕಿತು. ಅಲ್ಲೂ ಒಂದು ಫೋನ್ ಬಂತು ಎನ್ನಿ.

ಹಾಗೆಂದು ಯುದ್ಧದ ಹೆಣ ತೋರಿಸಲೇಬೇಡಿ ಎನ್ನುವವರ ಸಾಲಿನಲ್ಲಿ ನಾನಿಲ್ಲ. ಬಾಂಬ್ ಹಾಕುವವರೂ ಅದೇ ಸಾಲಿನಲ್ಲಿರುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಯುದ್ಧ ಶುರುವಾಗಿ ಎರಡು ವರ್ಷ ಕಳೆದರೂ ಇಸ್ರೇಲ್ ತನ್ನ ಸೇನೆಯ ಜೊತೆಗಲ್ಲದೆ ವಿದೇಶಿ ಪತ್ರಕರ್ತರನ್ನು ಗಾಜಾದೊಳಗೆ ಬಿಡಲಿಲ್ಲ. ನಾವು ನೋಡಿದ ಚಿತ್ರಗಳಲ್ಲಿ ಬಹುಪಾಲು ಅಲ್ಲಿನವರೇ ತೆಗೆದದ್ದು, ತಮ್ಮ ಓಣಿಯ, ಕೆಲವು ಸಲ ತಮ್ಮದೇ ಮನೆಯ ಸಾವುಗಳನ್ನು. ತಾಯಿಯೇ ಬಟ್ಟೆ ಸರಿಸಿ ‘ನೋಡಿ’ ಎಂದು ಮಗುವಿನ ಮುಖ ತೋರಿಸಿದ್ದರೆ, ಇಲ್ಲಿ ಕುಳಿತು ಅದನ್ನು ಮಸುಕು ಮಾಡಲು ನಾನು ಯಾರು? ಭಾವ ಕಳಿಸಿದ ಚಿತ್ರದಲ್ಲಿ ನನ್ನನ್ನು ಕಾಡಿದ್ದು ಮುಖವಲ್ಲ. ತೆಗೆದವರ ಹೆಸರಿಲ್ಲ, ಊರಿಲ್ಲ, ದಿನವಿಲ್ಲ. ಆ ತಾಯಿ ತೋರಿಸಿದಳೋ, ಯಾರೋ ಕದ್ದು ತೆಗೆದರೋ ತಿಳಿಯುವ ದಾರಿಯೇ ಇರಲಿಲ್ಲ. ಅದೆಲ್ಲ ಕಳಚಿ ಬಿದ್ದು, ನಮ್ಮ ಕರುಣೆಗೆ ಒದಗುವ ಸಾಮಗ್ರಿಯಷ್ಟೇ ಉಳಿದಿತ್ತು. ನಾನು ಆ ಅಪ್ಪನನ್ನು ಕತ್ತರಿಸಿದಾಗ ಮಾಡಿದ್ದೂ ಇದನ್ನೇ.

ಇದು ಮೊಬೈಲ್ ಕಾಲದ ರೋಗವೇನಲ್ಲ. 1857ರ ನವೆಂಬರ್‌ನಲ್ಲಿ ಲಕ್ನೋದ ಸಿಕಂದರ್ ಬಾಗ್‌ನಲ್ಲಿ ಬ್ರಿಟಿಷ್ ಪಡೆ ಸುಮಾರು 2,000 ಸಿಪಾಯಿಗಳನ್ನು ಕೊಂದಿತು. ಫೆಲಿಸ್ ಬಿಯಾಟೊ ಎಂಬ ಛಾಯಾಗ್ರಾಹಕ ಅಲ್ಲಿಗೆ ಬಂದದ್ದು ನಾಲ್ಕು ತಿಂಗಳ ಮೇಲೆ. ಮುಚ್ಚಿದ್ದ ಅವಶೇಷಗಳನ್ನು ಚಿತ್ರಕ್ಕೋಸ್ಕರ ಮತ್ತೆ ತೆರೆಸಿದ ಎಂದು ಆಗಿನ ಬ್ರಿಟಿಷ್ ಅಧಿಕಾರಿಯೊಬ್ಬರೇ ಬರೆದಿಟ್ಟಿದ್ದಾರೆ. ಅದಕ್ಕೆ ಮೂರು ವರ್ಷ ಮೊದಲು ಬ್ರಿಟನ್ನಿನ ಛಾಯಾಗ್ರಾಹಕ ರೋಜರ್ ಫೆಂಟನ್ ರಷ್ಯಾ ವಿರುದ್ಧದ ಕ್ರಿಮಿಯಾ ಯುದ್ಧಕ್ಕೆ ಹೋಗಿಬಂದಿದ್ದ. ಅವನ ಚಿತ್ರಗಳಲ್ಲಿ ಬ್ರಿಟಿಷರ ಒಂದು ಹೆಣವೂ ಇಲ್ಲ. ಅವುಗಳಲ್ಲಿ ಹೆಸರಾದ ಚಿತ್ರದಲ್ಲಿ ಖಾಲಿ ಕಣಿವೆ, ಉರುಳಿಬಿದ್ದ ಫಿರಂಗಿ ಗುಂಡುಗಳು, ಅಷ್ಟೇ.

ಲಕ್ನೋದ ಆ ಚಿತ್ರ ಅಂತರ್ಜಾಲದಲ್ಲಿ ಸಿಗುತ್ತದೆ. ಮುಂದೆ ಅಂಗಳದ ತುಂಬ ಮೂಳೆ, ತಲೆಬುರುಡೆ. ಹಿಂದೆ ಗುಂಡೇಟಿಗೆ ಗಾರೆ ಕಿತ್ತುಹೋದ ಕಂಬಗಳ ಕಟ್ಟಡ. ನಡುವೆ ಒಂದು ಕುದುರೆ, ನಾಲ್ಕು ಜನ ಭಾರತೀಯರು. ಆಗಿನ ಕ್ಯಾಮೆರಾ ಚಿತ್ರ ಹಿಡಿಯುವಷ್ಟು ಹೊತ್ತು ಅಲುಗಾಡುವ ಹಾಗಿರಲಿಲ್ಲ. ಅಲ್ಲಿ ನಿಲ್ಲಿ ಎಂದು ಯಾರೋ ಹೇಳಿರಬೇಕು. ನಿಂತಿದ್ದಾರೆ.